ಬೋರ್ಡಿಗಿಂತ ಮೊದಲು ಅರ್ತಿಂಗ್: ಮಲೆನಾಡಿನ ಶಾಲೆಗೆ ಕಂಪ್ಯೂಟರ್ ತರುವ ಮುನ್ನ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು ಸೇರಿ 84 ಮಕ್ಕಳು. ಹಳೆಯ ವಿದ್ಯಾರ್ಥಿಗಳೂ ಊರಿನ ತೋಟದವರೂ ಸೇರಿ ಎರಡೂವರೆ ಲಕ್ಷ ರೂಪಾಯಿ ಒಟ್ಟುಮಾಡಿದ್ದಾರೆ. ಒಂದು ಕಂಪನಿಯವರು 1.8 ಲಕ್ಷಕ್ಕೆ ಡಿಜಿಟಲ್ ಬೋರ್ಡ್ ಹಾಕಿಕೊಡುತ್ತೇವೆ, ಪಾಠಗಳಿಗೆ ಪ್ರತಿ ವರ್ಷ ಬೇರೆ ಶುಲ್ಕ ಎನ್ನುತ್ತಿದ್ದಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ನೆಟ್‌ವರ್ಕ್ ಬೇಕಾದರೆ ಶಾಲೆಯ ಹಿಂದಿನ ದಿಬ್ಬ ಹತ್ತಬೇಕು. ಹಿಂದೆ ಬಂದ ಐದು ಕಂಪ್ಯೂಟರ್‌ಗಳು ಕೆಟ್ಟು ಮೂಲೆ ಸೇರಿವೆ. ಬೋರ್ಡ್ ಹಾಕಿಸಬಹುದೇ? ಇಲ್ಲವಾದರೆ ಈ ಹಣದಲ್ಲಿ ಏನು ಮಾಡಬಹುದು? (ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯ ಸದಸ್ಯರು)

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ಬೋರ್ಡ್ ಕೆಟ್ಟ ವಸ್ತು ಅಂತಲ್ಲ. ನಿಮ್ಮ ಶಾಲೆಯ ಐದು ಕಂಪ್ಯೂಟರ್‌ಗಳು ಯಾಕೆ ಸತ್ತವು ಎಂದು ತಿಳಿಯದೆ ಆರನೆಯ ಯಂತ್ರ ತಂದರೆ ಅದೂ ಅದೇ ಮೂಲೆಗೆ ಹೋಗುತ್ತದೆ. ನಿಮ್ಮ ಹಣದ ಮೊದಲ ಪಾಲು ವಿದ್ಯುತ್ತಿಗೆ ಹೋಗಬೇಕು, ಎರಡನೆಯದು ನೆಟ್ ಇಲ್ಲದೆಯೂ ತೆರೆಯುವ ಪಾಠಗಳಿಗೆ. ಪರದೆ ಆಮೇಲೆ ಬರಲಿ. ಹೆಚ್ಚಿನ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ.

ಮೊದಲು ಆ ಐದನ್ನು ಬಿಚ್ಚಿಸಿ ನೋಡಿ. ಆನ್ ಆಗುತ್ತದೆ ಆದರೆ ದಿನಾಂಕ ಹಿಂದಿನ ಯಾವುದೋ ವರ್ಷ ತೋರಿಸುತ್ತದೆ ಎಂದಾದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ 3 ವೋಲ್ಟ್ ಸೆಲ್, ಸಿಆರ್ 2032, ಮುಗಿದಿದೆ. ಬೆಲೆ ಐವತ್ತು ರೂಪಾಯಿ ಆಸುಪಾಸು. ದಿನಾಂಕ ತಪ್ಪಿದ್ದರೆ ಬಹುತೇಕ ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ. ಅದನ್ನೇ ನೆಟ್ ಕೆಟ್ಟಿದೆ ಎಂದು ತಿಳಿದು ಸುಮ್ಮನಾಗುವವರು ಬಹಳ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ ಎಂದಾದರೆ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ಮಲೆನಾಡಿನ ತೇವಕ್ಕೆ ಅಲ್ಲಿ ಮಬ್ಬು ಪೊರೆ ಕಟ್ಟುವುದು ಸಾಮಾನ್ಯ. ಏನೂ ಅಲುಗಾಡದಿದ್ದರೆ ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಡಬ್ಬಿ ಹೋಗಿರಬಹುದು. ಅದನ್ನು ಬದಲಿಸಿದರಾಯಿತು. ಮದರ್‌ಬೋರ್ಡಿನ ಪುಟ್ಟ ಕೊಳವೆಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ಆ ಯಂತ್ರದ ಆಸೆ ಬಿಟ್ಟು, ಅದರ ಭಾಗಗಳನ್ನು ಉಳಿದವಕ್ಕೆ ಬಳಸಿ. ಐದರಲ್ಲಿ ಮೂರು ಎದ್ದು ಕೂತರೆ ಲಾಭವೇ.

ಎದ್ದವುಗಳಿಗೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ಬಹಳ ವೇಗದ, ತಿರುಗುವ ಭಾಗಗಳಿಲ್ಲದ ಡಿಸ್ಕ್ ಆದ ಎಸ್‌ಎಸ್‌ಡಿಯನ್ನು 240 ಜಿಬಿಯದು ಹಾಕಿಸಿ, ರ‍್ಯಾಮ್ ಕನಿಷ್ಠ 4 ಜಿಬಿ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟು ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತೆಗೆ ನಿಲ್ಲುವುದಿಲ್ಲ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಸಲೀಸಾಗಿ ಓಡುತ್ತವೆ, ಪೆನ್‌ಡ್ರೈವ್ ವೈರಸ್ಸಿನ ಕಾಟವೂ ಬಹುಮಟ್ಟಿಗೆ ತಪ್ಪುತ್ತದೆ. ಮಕ್ಕಳಿಗೆ ವಿಂಡೋಸೇ ಬೇಕು ಎಂಬ ಆತಂಕ ಬೇಡ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಸುತ್ತಿವೆ.

ಈಗ ವಿದ್ಯುತ್ತು. ನಿಮ್ಮಲ್ಲಿ ಯಂತ್ರ ಸಾಯಲು ಮೂರು ದಾರಿಗಳಿವೆ. ಮೂರಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಒಂದನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಇದರ ಹಾವಳಿ ಹೆಚ್ಚು. ಏಕಾಏಕಿ ನುಗ್ಗುವ ಹೊಡೆತವನ್ನು ನೆಲಕ್ಕೆ ತಿರುಗಿಸುವ ಸರ್ಜ್ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನಲ್ಲಿ ಹಾಕಿಸಬೇಕು, ಆದರೆ ಅರ್ತಿಂಗ್, ಅಂದರೆ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ, ಸರಿಯಿಲ್ಲದಿದ್ದರೆ ಅದು ಸುಮ್ಮನೆ ಗೋಡೆಗೊಂದು ಅಲಂಕಾರ. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಇನ್ನೊಂದಿಲ್ಲ. ಪ್ಲಗ್ ಕಿತ್ತು ನೆಟ್ ಕೇಬಲ್ಲನ್ನೋ ಡಿಶ್ ವೈರನ್ನೋ ಹಾಗೇ ಬಿಟ್ಟರೆ ಸಿಡಿಲು ಅಲ್ಲಿಂದಲೇ ಒಳಬರುತ್ತದೆ.

ಎರಡನೆಯದು ಜನ ಲೆಕ್ಕಕ್ಕೇ ತೆಗೆದುಕೊಳ್ಳದ್ದು. ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ತುಂಡಾದರೆ, 230 ವೋಲ್ಟ್ ಇರಬೇಕಾದ ಕಡೆ ಏಕಾಏಕಿ 350, 400 ಬರಬಹುದು. ಬಲ್ಬ್ ಒಮ್ಮೆ ಹಾಲಿನಂತೆ ಬೆಳಗಿ ಉರಿದುಹೋಗುವುದು ಇದರ ಗುರುತು. ಒಂದೇ ಸಂಜೆಗೆ ಊರಿನ ಟಿವಿಗಳೆಲ್ಲ ಹೋದವು ಎಂದು ಕೇಳುತ್ತೇವಲ್ಲ, ಅದಕ್ಕೆ ಬಹಳ ಸಲ ಇದೇ ಕಾರಣ. ಸರ್ಜ್ ಪ್ರೊಟೆಕ್ಟರ್ ಇದನ್ನು ತಡೆಯಲಾರದು, ಅದು ಕ್ಷಣಾರ್ಧದ ಹೊಡೆತಕ್ಕಷ್ಟೇ. ಇದಕ್ಕೆ ಬೇಕಾದ್ದು ಓವರ್ ವೋಲ್ಟೇಜ್ ಕಟ್-ಆಫ್. ವೋಲ್ಟೇಜ್ 270ರ ಸುಮಾರಿಗೆ ಏರಿದೊಡನೆ ಇಡೀ ಕೋಣೆಯ ಲೈನ್ ಕಡಿದು, ಸರಿಹೋದ ಮೇಲೆ ತಾನೇ ಮತ್ತೆ ಕೊಡುವ ಚಿಕ್ಕ ಸಾಧನ. ಒಂದೆರಡು ಸಾವಿರ ರೂಪಾಯಿಯ ವಸ್ತು. ಲಕ್ಷದ ಬೋರ್ಡ್ ಮಾರುವವರ ಕೊಟೇಷನ್‌ನಲ್ಲಿ ಇದು ಇದೆಯೇ ನೋಡಿ.

ಮೂರನೆಯದು ಕಡಿಮೆ ವೋಲ್ಟೇಜ್. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ಶಾಲೆಗೆ, ತೋಟದ ಪಂಪ್‌ಗಳು ಓಡುವ ಹೊತ್ತಿನಲ್ಲಿ, 160-170 ವೋಲ್ಟ್ ಬರುವುದುಂಟು. ಇನ್ವರ್ಟರ್‌ನ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಥವಾ ಸಾಮಾನ್ಯ ಮೋಡ್. ಯುಪಿಎಸ್ ಮೋಡ್‌ನಲ್ಲಿಟ್ಟರೆ ಸುಮಾರು 180ಕ್ಕಿಂತ ಕೆಳಗಿನ ವೋಲ್ಟೇಜನ್ನು ಅದು ಕರೆಂಟೇ ಇಲ್ಲವೆಂದು ತಿಳಿಯುತ್ತದೆ. ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ, ಚಾರ್ಜ್ ಆಗುವುದೇ ಇಲ್ಲ. ಸಾಮಾನ್ಯ ಮೋಡ್‌ನಲ್ಲಿಟ್ಟರೆ 100-110 ವೋಲ್ಟ್‌ವರೆಗೂ ಒಪ್ಪಿಕೊಂಡು ಚಾರ್ಜ್ ಮಾಡುತ್ತದೆ, ಆದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ತುಸು ನಿಧಾನ. ಆ ಕಣ್ಣೆವೆಯ ಅಂತರಕ್ಕೆ ಡೆಸ್ಕ್‌ಟಾಪ್‌ಗಳು ಆರಿ ಮತ್ತೆ ಶುರುವಾಗುತ್ತವೆ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಏನೂ ಆಗದು. ಮಲೆನಾಡಿನಲ್ಲಿ ಹೊಸದಾಗಿ ಕೊಳ್ಳುವುದಾದರೆ ಲ್ಯಾಪ್‌ಟಾಪನ್ನೇ ಕೊಳ್ಳಿ ಎನ್ನಲು ಇದೊಂದು ಕಾರಣವೇ ಸಾಕು.

ಅರ್ತಿಂಗ್ ಸರಿಯಿದೆಯೇ ಎಂದು ನೋಡಲು ವೈರಿಂಗ್ ಬಲ್ಲವರಿಂದ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಸಿ. ಪ್ಲಗ್ಗಿನಲ್ಲಿ ಫೇಸ್-ನ್ಯೂಟ್ರಲ್ ನಡುವೆ ಎಷ್ಟಿದೆಯೋ ಫೇಸ್-ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್-ಅರ್ತ್ ನಡುವೆ 3 ವೋಲ್ಟ್ ದಾಟಬಾರದು. ದಾಟಿದ್ದರೆ, ಅಥವಾ ಕಂಪ್ಯೂಟರ್ ಡಬ್ಬಿ ಮುಟ್ಟಿದಾಗ ಬೆರಳು ಜುಮ್ಮೆಂದರೆ, ಹೊಸ ಗುಂಡಿ ತೋಡಿಸಿ: ಎಂಟು ಅಡಿಯ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲೆ ನೀರು ಹಾಕಲು ಬಾಯಿ. ಮುಗಿದ ಮೇಲೆ ಅರ್ತ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ತೋರಿಸಿದರೆ ಮಾತ್ರ ಹಣ ಕೊಡಿ. ಅಳತೆ ಮಾಡಿಸುವುದು ಬೇಸಿಗೆಯಲ್ಲಿ. ಜುಲೈ ತಿಂಗಳಲ್ಲಿ ಮೂಡಿಗೆರೆಯ ನೆಲಕ್ಕೆ ಕಬ್ಬಿಣದ ಕಡ್ಡಿ ಚುಚ್ಚಿದರೂ ಒಳ್ಳೆಯ ಅಂಕಿಯೇ ಬರುತ್ತದೆ, ಮಣ್ಣು ಒಣಗಿದ ಮಾರ್ಚ್‌ನಲ್ಲಿ ಬಣ್ಣ ಬಯಲಾಗುತ್ತದೆ.

ಬ್ಯಾಟರಿ ಎಷ್ಟು ಬೇಕು? ಟಿವಿಗೆ 120 ವಾಟ್, ಪಾಠ ಓಡಿಸುವ ಚಿಕ್ಕ ಕಂಪ್ಯೂಟರ್‌ಗೆ 15, ವೈಫೈ ಪೆಟ್ಟಿಗೆಗೆ 10, ಸ್ಪೀಕರ್‌ಗೆ 15. ಒಟ್ಟು 160. ಒಂದು 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಅವರ್ ಇದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಉಳಿದ 900ರಲ್ಲಿ ಇನ್ವರ್ಟರ್ ಐದನೇ ಒಂದು ಪಾಲು ತಿನ್ನುತ್ತದೆ. ಕೈಗೆ ಸಿಗುವುದು 720. ಅಂದರೆ ನಾಲ್ಕೂವರೆ ಗಂಟೆ, ಶಾಲೆಯ ಒಂದು ದಿನಕ್ಕೆ ಸಾಕು. ಇದೇ ಲೆಕ್ಕವನ್ನು 300 ವಾಟಿನ ಪ್ರೊಜೆಕ್ಟರ್ ಹಾಕಿ ಮಾಡಿ ನೋಡಿ, ಎರಡು ಗಂಟೆಗೆ ಬಂದು ನಿಲ್ಲುತ್ತದೆ. ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಅಗ್ಗದ ಸ್ಕ್ವೇರ್‌ವೇವ್ ಬೇಡ. ನೀರು ಡಿಸ್ಟಿಲ್ಡ್ ಮಾತ್ರ, ಬಾವಿಯದೂ ಬೇಡ, ಫಿಲ್ಟರಿನದೂ ಬೇಡ. ಬ್ಯಾಟರಿಯನ್ನು ಬೀರುವಿನೊಳಗೆ ಬೀಗ ಹಾಕಿಡಬಾರದು, ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಹೊರಹೋಗಲು ಗಾಳಿ ಬೇಕು. ಶಾಲೆಯ ಬ್ಯಾಟರಿಗಳು ಹೆಚ್ಚಾಗಿ ಸಾಯುವುದು ಕೆಲಸ ಮಾಡಿ ಅಲ್ಲ, ಬೇಸಿಗೆ ರಜೆಯಲ್ಲಿ ಅರ್ಧ ಖಾಲಿಯಾಗಿ ಎರಡು ತಿಂಗಳು ಕೂತು. ಖಾಲಿ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ರಜೆಯಲ್ಲೂ ಹದಿನೈದು ದಿನಕ್ಕೊಮ್ಮೆ ಯಾರಾದರೂ ಹೋಗಿ ಒಂದು ದಿನ ಚಾರ್ಜಿಗಿಟ್ಟು ಬರಲಿ.

ಸೋಲಾರ್ ಹಾಕಿಸಿ ಎಂದು ಸಲಹೆ ಕೊಡುವವರು ಬಂದೇ ಬರುತ್ತಾರೆ. ಕಡೂರಿನಲ್ಲೋ ಅರಸೀಕೆರೆಯಲ್ಲೋ ಆಗಿದ್ದರೆ ಕಣ್ಣುಮುಚ್ಚಿ ಹೂಂ ಎನ್ನಬಹುದಿತ್ತು, 500 ವಾಟ್ ಪ್ಯಾನೆಲ್‌ಗೆ ದಿನಕ್ಕೆ ಎರಡು ಯೂನಿಟ್ ಆಸುಪಾಸು ಸಿಗುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗುವ ತಿಂಗಳುಗಳೇ ಸೂರ್ಯ ಮುಖ ತೋರಿಸದ ತಿಂಗಳುಗಳು. ದಟ್ಟ ಮೋಡದ ದಿನ ಅದರ ಐದನೇ ಒಂದು ಪಾಲು ಬಂದರೆ ಹೆಚ್ಚು. ಯಾರಾದರೂ ದಾನ ಕೊಟ್ಟರೆ ತೆಗೆದುಕೊಳ್ಳಿ, ಈ ಹಣದಲ್ಲಿ ಬೇಡ.

ತೇವದ ವಿಷಯಕ್ಕೆ ನಿಮಗೆ ಯಾರೂ ಪಾಠ ಹೇಳಬೇಕಿಲ್ಲ, ಕಾಳುಮೆಣಸು ಬೂಸ್ಟು ಹಿಡಿಯದಂತೆ ಕಾಯುವವರು ನೀವು. ಯಂತ್ರಕ್ಕೂ ಅದೇ ನ್ಯಾಯ: ಬಳಸದೆ ಮುಚ್ಚಿಟ್ಟಷ್ಟೂ ಹಾಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲವಾದರೂ ಪ್ರತಿಯೊಂದನ್ನೂ ಅರ್ಧ ಗಂಟೆ ಓಡಿಸಿ. ತನ್ನ ಬಿಸಿಗೆ ತಾನೇ ಒಣಗುತ್ತದೆ. ಲ್ಯಾಪ್‌ಟಾಪ್ ಇಡುವ ಬೀರುವಿನಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿರಲಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿಯೂಟದ ಒಲೆಯ ಮೇಲೆ ಬಾಣಲೆಯಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬಾರದು. ಇಲಿಗಳಿಗೆ ವೈರ್ ರುಚಿ, ನೆಲದ ಮೇಲೆ ಹರಿಯುವ ವೈರನ್ನೆಲ್ಲ ಪೈಪಿನೊಳಗೆ ಹಾಕಿಸಿ.

ಇನ್ನು ಪಾಠಗಳು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅಂಥ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ನಿಮ್ಮ ಪಕ್ಕದ ಹಾಸನದಲ್ಲೇ ಇದೆ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಎರಡರಲ್ಲೂ ಪಾಠ ಮೇಲಿಂದ ಹರಿದು ಬರುತ್ತಿತ್ತು, ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಗಲಿಲ್ಲ ಎಂದು ಅದು ನಿಲ್ಲುತ್ತಿರಲಿಲ್ಲ. ಶಾಲೆಯಲ್ಲೇ ಸಂಗ್ರಹವಾಗಿರುವ ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ತರಬಹುದು, ನಾಳೆ ಮತ್ತೆ ತೆರೆಯಬಹುದು. ನೆಟ್ ಇಲ್ಲದ ಊರಿಗೆ ಬೇಕಾದ್ದು ಇದೇ.

ಮಾಡುವುದು ಹೀಗೆ. ಒಂದು ಹಳೆಯ ಲ್ಯಾಪ್‌ಟಾಪನ್ನೋ ಚಿಕ್ಕ ಕಂಪ್ಯೂಟರನ್ನೋ ಶಾಲೆಯ ಸರ್ವರ್, ಅಂದರೆ ಪಾಠಗಳನ್ನಿಟ್ಟುಕೊಂಡು ಉಳಿದ ಯಂತ್ರಗಳಿಗೆ ಹಂಚುವ ಯಂತ್ರ, ಮಾಡಿಕೊಳ್ಳಿ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ಆದೀತು, ಆದರೆ ಅದರ ಮೆಮೊರಿ ಕಾರ್ಡ್ ಕರೆಂಟ್ ಹೋಗಿಬಂದಾಗ ಕೆಡುವುದು ಹೆಚ್ಚು, ಎಸ್‌ಎಸ್‌ಡಿ ಜೋಡಿಸಿ. ಸರ್ವರ್‌ನಲ್ಲಿ ಕೋಲಿಬ್ರಿ ಎಂಬ, ನೆಟ್ ಇಲ್ಲದೆ ಪಾಠ ತೋರಿಸುವ ಉಚಿತ ತಂತ್ರಾಂಶ ಹಾಕಿ. ಸರ್ವರನ್ನು ಚಿಕ್ಕಮಗಳೂರಿನಲ್ಲೋ ಮೂಡಿಗೆರೆಯಲ್ಲೋ ಫೈಬರ್ ನೆಟ್ ಇರುವ ಮನೆಗೆ ಒಯ್ದು, ನಿಮ್ಮ ಪಠ್ಯಕ್ಕೆ ಹೊಂದುವ ಪಾಠಗಳನ್ನಷ್ಟೇ ಇಳಿಸಿಕೊಂಡು ತನ್ನಿ. ಎಲ್ಲವನ್ನೂ ಇಳಿಸಹೊರಟರೆ ಡಿಸ್ಕ್ ತುಂಬುತ್ತದೆ, ಶಿಕ್ಷಕರಿಗೆ ಬೇಕಾದ್ದು ಸಿಗುವುದಿಲ್ಲ. ಶಾಲೆಗೆ ತಂದು ಸಾಧಾರಣ ವೈಫೈ ರೌಟರ್‌ಗೆ ಜೋಡಿಸಿದರೆ, ಹೊರಗಿನ ನೆಟ್ ಇಲ್ಲದೆಯೇ ಕೋಣೆಯ ಯಂತ್ರಗಳೆಲ್ಲ ಅದನ್ನು ತೆರೆಯುತ್ತವೆ. ಮನೆಬಳಕೆಯ ರೌಟರ್ ಇಪ್ಪತ್ತರಷ್ಟು ಯಂತ್ರಗಳನ್ನು ತಾಳಿಕೊಳ್ಳುತ್ತದೆ. ಅದರಾಚೆಗೆ ವಿಡಿಯೊ ಮುಗ್ಗರಿಸುತ್ತದೆ.

ಕೊಲರಾಡೊ ವಿಶ್ವವಿದ್ಯಾಲಯದ ಫೆಟ್, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ವಿಜ್ಞಾನ-ಗಣಿತದ ಪ್ರಯೋಗಗಳು, ಇನ್ನೂ ಸುಲಭ. ಅವುಗಳ ಹೊಸ ಆವೃತ್ತಿಗಳಲ್ಲಿ ಪ್ರತಿ ಪ್ರಯೋಗವೂ ಒಂದೊಂದು ಕಡತ. ಪೆನ್‌ಡ್ರೈವ್‌ನಲ್ಲಿ ತಂದು ಬ್ರೌಸರ್‌ನಲ್ಲಿ ತೆರೆದರಾಯಿತು. ಹಲವು ಕನ್ನಡದಲ್ಲೂ ಇವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಹೊಂದಿದ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲೂ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಫೋನ್ ಕ್ಯಾಮೆರಾ ಮಬ್ಬಾಗಿದ್ದರೆ ಕೋಡ್‌ನ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಸಾಕು. ಗಣಿತಕ್ಕೆ ಜಿಯೋಜೀಬ್ರಾ ಹಾಕಿಕೊಳ್ಳಿ, ತ್ರಿಭುಜದ ಒಂದು ಶೃಂಗ ಹಿಡಿದು ಎಳೆದಾಗ ಕೋನಗಳ ಮೊತ್ತ 180ರಲ್ಲೇ ನಿಲ್ಲುವುದನ್ನು ಮಕ್ಕಳೇ ನೋಡಲಿ. ಗ್ರಾಮ ಪಂಚಾಯಿತಿಗೆ ಭಾರತ್‌ನೆಟ್ (ಹಳ್ಳಿಗಳಿಗೆ ನೆಟ್ ತರುವ ಕೇಂದ್ರದ ಯೋಜನೆ) ಫೈಬರ್ ಬಂದಿದ್ದರೆ ಶಾಲೆಗೆ ಎಳೆಸುವ ಬಗ್ಗೆ ಅರ್ಜಿ ಕೊಡಿ, ಆದರೆ ಅದನ್ನು ಕಾಯುತ್ತಾ ಕೂರಬೇಡಿ.

ಪಾಠದಲ್ಲಿ ಬಳಸುವ ಬಗೆಯ ಬಗ್ಗೆ ಒಂದು ಮಾತು, ಯಾಕೆಂದರೆ ಒಳ್ಳೆಯ ಸಲಕರಣೆ ಇಟ್ಟುಕೊಂಡೂ ಎಡವುವುದು ಇಲ್ಲೇ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ನಲವತ್ತು ನಿಮಿಷ ವಿಡಿಯೊ ಹಾಕಿದರೆ ಅದು ಸಿನಿಮಾ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ತೆಗೆದುಕೊಳ್ಳಿ. ಮೊದಲು ಮಕ್ಕಳ ಕೈಗೆ ಸೆಲ್, ವೈರ್, ಎರಡು ಟಾರ್ಚ್ ಬಲ್ಬ್ ಕೊಡಿ. ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ ಬೆಳಕು ಹೆಚ್ಚುತ್ತದೋ ಕುಗ್ಗುತ್ತದೋ ಎಂದು ಜೋಡಿಸುವ ಮೊದಲೇ ಪುಸ್ತಕದಲ್ಲಿ ಬರೆಸಿ. ಆಮೇಲೆ ಜೋಡಿಸಲಿ. ಯಾಕೆ ಹೀಗಾಯಿತು ಎಂಬ ಪ್ರಶ್ನೆ ಎದ್ದಾಗ ಪರದೆ ಹೊತ್ತಿಸಿ: ತಂತಿಯೊಳಗೆ ಎಲೆಕ್ಟ್ರಾನ್‌ಗಳ ಓಟ ನಿಧಾನವಾಗುವುದನ್ನು ಫೆಟ್ ಎಂಟು ಹತ್ತು ನಿಮಿಷದಲ್ಲಿ ತೋರಿಸುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಪರದೆ, ಕೈಗೆ ಸಿಗುವುದಕ್ಕೆ ಕೈ. ಹೂವಿನ ಭಾಗಗಳನ್ನು ಪರದೆಯ ಮೇಲೆ ತೋರಿಸುವ ಶಾಲೆಯ ಬೇಲಿಯಲ್ಲೇ ದಾಸವಾಳ ಅರಳಿರುತ್ತದೆ.

ಕಂಪ್ಯೂಟರ್ ಪಿರಿಯಡ್‌ಗೆ 28 ಮಕ್ಕಳ ತರಗತಿಯನ್ನು ಎರಡು ತಂಡ ಮಾಡಿ. ಹದಿನಾಲ್ಕು ಮಕ್ಕಳಿಗೆ ಏಳು ಯಂತ್ರ, ಒಂದಕ್ಕೆ ಇಬ್ಬರು. ಮೂವರಾದರೆ ಮೂರನೆಯವರು ಕಿಟಕಿ ನೋಡುತ್ತಾರೆ. ಮೌಸ್ ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು, ಇಲ್ಲವಾದರೆ ಜೋರಿನ ಮಗುವೇ ಹಿಡಿದುಕೊಂಡಿರುತ್ತದೆ, ಹೆಚ್ಚಾಗಿ ಅದು ಹುಡುಗ. ಕನ್ನಡ ಟೈಪಿಂಗನ್ನು ಎಂಟನೆಯಲ್ಲೇ ಶುರುಮಾಡಿ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿ ಕೀಲಿಮಣೆಯಲ್ಲಿ, ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು: ‘ಅಕ್ಕ’ ಬರೆಯಲು ಎ, ಕೆ, ಎಫ್, ಕೆ. ಇದೊಂದು ಗುಟ್ಟು ಕೈಗೆ ಹತ್ತಿದರೆ ಉಳಿದದ್ದು ಎರಡು ವಾರದ ಅಭ್ಯಾಸ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತ ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ದನಿ ಎತ್ತಿದ ತೇಜಸ್ವಿಯವರ ಮೂಡಿಗೆರೆಯಲ್ಲಿ ಮಕ್ಕಳು ಕಂಗ್ಲಿಷಿನಲ್ಲಿ ಟೈಪ್ ಮಾಡುವುದು ಚಂದವಲ್ಲ.

ಪರದೆಗೆ ಬರೋಣ. ಓದಬೇಕಾದ ಅಕ್ಷರ ಪರದೆಯ ಮೇಲಿದ್ದರೆ, ಕೊನೆಯ ಬೆಂಚು ಪರದೆಯ ಎತ್ತರದ ಆರರಿಂದ ಎಂಟು ಪಟ್ಟು ದೂರದೊಳಗೆ ಇರಬೇಕು. 55 ಇಂಚಿನ ಟಿವಿಯ ಎತ್ತರ 68 ಸೆಂಟಿಮೀಟರ್, ಎಂಟು ಪಟ್ಟು ಅಂದರೆ ಐದೂವರೆ ಮೀಟರ್. ಇಪ್ಪತ್ತು ಅಡಿಯ ಕೋಣೆಗೆ ಅದು ಸಾಲದು, 65 ಇಂಚು ಬೇಕು. ಸಾಮಾನ್ಯ ಟಿವಿ ಸಾಕು. ಕೆಟ್ಟರೆ ಮೂಡಿಗೆರೆಯಲ್ಲೋ ಹಾಸನದಲ್ಲೋ ರಿಪೇರಿ ಮಾಡುವವರಿದ್ದಾರೆ. ಮುಟ್ಟಿ ಬರೆಯುವ ಬೋರ್ಡ್ ಕೆಟ್ಟರೆ ಬೆಂಗಳೂರಿನಿಂದ ಜನ ಬರಬೇಕು. ಬರೆಯಲು ನಿಮ್ಮ ಕರಿಹಲಗೆ ಇದ್ದೇ ಇದೆ, ಅದಕ್ಕೆ ಕರೆಂಟೂ ಬೇಡ.

ಕಂಪನಿಯವರು ಮತ್ತೆ ಬಂದರೆ ರೌಟರ್ ಆಫ್ ಮಾಡಿ, ಫೋನ್‌ಗಳನ್ನು ಪಕ್ಕಕ್ಕಿಡಿಸಿ, ಹತ್ತನೇ ತರಗತಿ ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮದ ಒಂದು ಸಮಾಜ ವಿಜ್ಞಾನ ಪಾಠ ತೆರೆಯಿರಿ ಎನ್ನಿ. ಸಿಬಿಎಸ್‌ಇ ಪಾಠಕ್ಕೆ ಕನ್ನಡ ದನಿ ಅಂಟಿಸಿದ್ದಾರೆಯೇ ಎನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮುಂದಿನ ವರ್ಷ ಶುಲ್ಕ ಕಟ್ಟದಿದ್ದರೆ ಈಗಿನ ಪಾಠಗಳು ತೆರೆಯುತ್ತವೆಯೇ ಎಂದು ಬರಹದಲ್ಲಿ ಕೇಳಿ. ಮಕ್ಕಳ ಹೆಸರು, ಫೋಟೊ, ಪೋಷಕರ ಫೋನ್ ನಂಬರ್ ಕೇಳಿದರೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ.

ಮನೆಯ ಫೋನಿನ ಮೇಲೆ ಭಾರ ಹಾಕಬೇಡಿ. ತೋಟದ ಕೂಲಿಕಾರರ ಲೈನ್ ಮನೆಯ ಮಗುವಿನ ಪಾಲಿಗೆ ಆ ಫೋನ್ ಬೆಳಿಗ್ಗೆ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತದೆ, ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ನೂ ತಡ. ಹೋಂವರ್ಕ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಕೆಲವರಿಗಷ್ಟೇ ಹೋಂವರ್ಕ್. ಬದಲಿಗೆ ಸಂಜೆ ಬಸ್ ಬರುವವರೆಗಿನ ಮುಕ್ಕಾಲು ಗಂಟೆ ಕಂಪ್ಯೂಟರ್ ಕೋಣೆ ತೆರೆದಿಡಿ. ಲೆಕ್ಕದ ಫೋಟೊ ತೆಗೆದು ಎಐಗೆ ಕೊಟ್ಟು ಉತ್ತರ ಇಳಿಸಿಕೊಳ್ಳುವ ಮಕ್ಕಳೂ ಇರುತ್ತಾರೆ. ತಡೆಯುವುದು ಕಷ್ಟ. ಮರುದಿನ ಅದೇ ಲೆಕ್ಕದ ಅಂಕಿ ಬದಲಿಸಿ ಕರಿಹಲಗೆಯ ಮೇಲೆ ಮಾಡಿಸಿ, ಅಷ್ಟು ಸಾಕು.

ಹಣದ ಅಂದಾಜು ಹೀಗಿದೆ, ಅಂಗಡಿಯಲ್ಲಿ ವಿಚಾರಿಸಿ ತಿದ್ದಿಕೊಳ್ಳಿ. ಅರ್ತಿಂಗ್, ವೈರಿಂಗ್, ಎರಡೂ ಬಗೆಯ ರಕ್ಷಣೆಗೆ 20,000. ಇನ್ವರ್ಟರ್, ಬ್ಯಾಟರಿಗೆ 25,000. 65 ಇಂಚಿನ ಟಿವಿಗೆ 60,000. ಸರ್ವರ್, ರೌಟರ್‌ಗೆ 18,000. ಹಳೆಯ ಮೂರು ಯಂತ್ರಗಳ ದುರಸ್ತಿಗೆ 12,000. ನವೀಕರಿಸಿದ ನಾಲ್ಕು ಲ್ಯಾಪ್‌ಟಾಪ್‌ಗೆ 72,000, ಅಲ್ಲಿಗೆ ಏಳು ಯಂತ್ರಗಳಾದವು. ಬೀಗವಿರುವ ಕಬ್ಬಿಣದ ಬೀರು, ಕಿಟಕಿಗೆ ಜಾಲರಿ 15,000. ಒಟ್ಟು 2,22,000. ಉಳಿದ 28,000 ರೂಪಾಯಿಯನ್ನು ಏನೇ ಆಸೆ ಬಂದರೂ ಮುಟ್ಟದೆ ಬ್ಯಾಂಕಿನಲ್ಲಿಡಿ. ಮೂರ್ನಾಲ್ಕು ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗುತ್ತದೆ, ಆಗ ಮತ್ತೆ ದಾನಿಗಳ ಮನೆ ಬಾಗಿಲು ತಟ್ಟುವ ಹಾಗಿರಬಾರದು.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಹಣವೂ ಬೇಕಿಲ್ಲ. ಮಲ್ಟಿಮೀಟರ್ ಇರುವವರನ್ನು ಕರೆಸಿ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ ಕಂಪ್ಯೂಟರ್ ಕೋಣೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ, ನ್ಯೂಟ್ರಲ್-ಅರ್ತ್ ನಡುವೆ ಎಷ್ಟಿದೆ ಎಂದು ಮೂರು ದಿನ ಬರೆಸಿಡಿ. ವೋಲ್ಟೇಜ್ ದಿನವಿಡೀ 180ಕ್ಕಿಂತ ಕೆಳಗಿದ್ದರೆ ಇನ್ವರ್ಟರ್ ಕೊಳ್ಳುವ ಮೊದಲು ಆ ಚೀಟಿ ಲಗತ್ತಿಸಿ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಮುಖ್ಯಶಿಕ್ಷಕರಿಂದ ಅರ್ಜಿ ಕೊಡಿಸಿ.